ನೀರು ಕುಡಿಯುವ ಕೊಡಲಿ

ಒಲೆಯೊಳಕ್ಕೆ ಆ ಸೌದೆ ಒಂದಿಷ್ಟು ತಳ್ಳಿ ಹತ್ತಿರ ಬನ್ನಿ ಮಕ್ಕಳಾ. ಹಸಿ ಸೌದೆ ಬೇಡ, ಕಣ್ಣುರಿ. ಹಸಿ ಸೌದೆ ಉರಿಸೋಕೆ ಹೋಗಿ ಒಬ್ಬ ದೊಡ್ಡ ಮನುಷ್ಯ ತನ್ನ ಪೇಟ ಕಳಕೊಂಡ. ಆ ಕಥೆಯನ್ನೇ ಹೇಳ್ತೀನಿ, ಕೇಳಿ.

ಹೊಂಗೆಪುರ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ದೊರೆ. ತೊಟ್ಟಿಲಲ್ಲಿ ಇಟ್ಟ ಹೆಸರು ಮೊಳದುದ್ದ ಇತ್ತಂತೆ, ಆದರೆ ಊರೆಲ್ಲ ಕರೀತಿದ್ದದ್ದು ಹಂಡೆದೊರೆ ಅಂತ. ಬೆಳಗ್ಗೆ ಎದ್ದರೆ ಒಂದು ಹಂಡೆ ಬಿಸಿನೀರು. ಮಧ್ಯಾಹ್ನ ಉಂಡರೆ ಒಂದು ಹಂಡೆ ಬಿಸಿನೀರು. ಸಂಜೆ ಬೇಸರವಾದರೆ ಇನ್ನೊಂದು ಹಂಡೆ. ಯುದ್ಧ ಬಂದರೂ ಅಷ್ಟೇ, ಹಬ್ಬ ಬಂದರೂ ಅಷ್ಟೇ. ರಾಜ್ಯಭಾರವೂ ಬಚ್ಚಲಲ್ಲೇ ನಡೀತಿತ್ತು. ತಲೆ ತುಂಬ ಸೀಗೆಪುಡಿ ಬಳಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ದೊರೆ ಕೂತಿದ್ದರೆ, ಬಾಗಿಲ ಸಂದಿಯಿಂದ ಯಾರು ಯಾವ ಓಲೆ ಚಾಚಿದರೂ ಟಪ್ ಅಂತ ಮುದ್ರೆ ಒತ್ತಿಬಿಡ್ತಿದ್ದ. ಕಣ್ಣಿಗೆ ಸೀಗೆಪುಡಿ ಬಿದ್ದವನು ಓದೋದೇನು?

ಆ ಹಂಡೆಗೆ ಸೌದೆ ಹೊತ್ತು ತರ್ತಿದ್ದವಳು ಚೌಡಕ್ಕ. ಊರಾಚೆ ಕಾಡಂಚಿನ ಗುಡಿಸಲು ಅವಳದು. ಮನೇಲಿ ಮಗಳು ಮಲ್ಲಾಜಿ ಹತ್ತು ದಿನದ ಬಾಣಂತಿ, ಮಡಿಲಲ್ಲಿ ಬೆಕ್ಕಿನ ಮರಿಯಷ್ಟಿರೋ ಹೆಣ್ಣುಕೂಸು. ಅರಮನೆಗೆ ಒಂದು ಹೊರೆ ಸೌದೆ ಹಾಕಿದರೆ ಚೌಡಕ್ಕನಿಗೆ ಒಂದು ಸೇರು ರಾಗಿ. ಆ ರಾಗಿ ಬಾಣಂತಿ ಹೊಟ್ಟೆಗೆ ಬಿದ್ದರೆ ಕೂಸಿಗೆ ಹಾಲು. ರಾಗಿ ಇಲ್ಲ ಅಂದರೆ ಹಾಲೂ ಇಲ್ಲ.

ಚೌಡಕ್ಕನ ಆಸ್ತಿ ಅಂತ ಇದ್ದದ್ದು ಮೂರು. ಹೊರೆ ಬಿಗಿಯೋಕೆ ಒಂದು ಹಗ್ಗ. ತಲೆಗೂ ಹೊರೆಗೂ ನಡುವೆ ಇಡೋಕೆ ಹಳೇ ಸೀರೆ ಹರಿದು ಸುರುಳಿ ಸುತ್ತಿದ ಒಂದು ಸಿಂಬೆ. ಮತ್ತೊಂದು ಕೊಡಲಿ. ಆ ಕೊಡಲಿ ಅವಳ ಅವ್ವ ತವರಿನಿಂದ ಕೊಟ್ಟು ಕಳಿಸಿದ್ದು. ಬೇರೆಯವರಿಗೆ ತವರಿಂದ ಬಂಗಾರ ಬಂದರೆ ಇವಳಿಗೆ ಕಬ್ಬಿಣ ಬಂತು. ಸಾಣೆಕಲ್ಲಿಗೆ ಉಜ್ಜಿ ಉಜ್ಜಿ ಅಲಗು ಅಷ್ಟಮಿ ಚಂದ್ರನ ಹಾಗೆ ಅರ್ಧಕ್ಕೆ ಇಳಿದಿತ್ತು. ಹಿಡಿಕೆ ಇದೆಯಲ್ಲ, ಕಾವು ಅಂತೀವಲ್ಲ, ಅದು ದಿಂಡಿಗದ ಮರದ್ದು. ಅವಳ ಅಂಗೈ ಕೂತ ಜಾಗದಲ್ಲಿ ತಗ್ಗು ಬಿದ್ದು ಕೂಸಿನ ಕೆನ್ನೆಯ ಹಾಗೆ ನುಣ್ಣಗಾಗಿತ್ತು.

ಬೇಸಿಗೆ ಬಂತೋ, ದಿನಾ ಸಂಜೆ ಚೌಡಕ್ಕ ಕೊಡಲಿಯನ್ನು ತಲೆಕೆಳಗು ಮಾಡಿ ಬಾನಿಯ ನೀರಲ್ಲಿ ನಿಲ್ಲಿಸೋಳು. ಯಾಕೆ ಹೇಳಿ? ಬಿಸಿಲಿಗೆ ಕಾವು ಒಣಗಿ ಸಣ್ಣಗಾಗುತ್ತೆ. ಕಬ್ಬಿಣ ಸಡಿಲ ಆಗುತ್ತೆ. ನೀರಲ್ಲಿಟ್ಟರೆ ಮರ ಉಬ್ಬಿ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತೆ. ಅವಳ ಅವ್ವ ಹೇಳಿಕೊಟ್ಟಿದ್ದಳು: "ನಿನಗೆ ಬಾಯಾರಿದ್ರೆ ತಡ್ಕೋ ಮಗಾ. ಕೊಡಲಿಗೆ ಬಾಯಾರಿದ್ರೆ ತಡೀಬೇಡ."

ಅವಳು ಹಸಿ ಮರಕ್ಕೆ ಕೈ ಹಾಕಿದವಳಲ್ಲ. ಬಿದ್ದ ಮರ, ನಿಂತಲ್ಲೇ ಒಣಗಿದ ಮರ, ಇಷ್ಟೇ. ಕೊಡಲಿಯ ಹಿಂಬದಿಯಿಂದ ಒಂದು ಸಲ ತಟ್ಟೋಳು. ಒಣಮರ ಠಣ್ ಅನ್ನುತ್ತೆ, ಹಸಿಮರ ದಬ್ ಅನ್ನುತ್ತೆ. ಠಣ್ ಅಂದದ್ದನ್ನು ಸೀಳಿ, ಅಡ್ಡಡ್ಡ ಉದ್ದುದ್ದ ಪೇರಿಸಿ, ಗಾಳಿಯಾಡಿಸಿ, ಒಂದು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಅರಮನೆಗೆ. ಆ ಸೌದೆ ಉರಿದರೆ ಹೊಗೆ ಅನ್ನೋದು ಕಾಣ್ತಿರಲಿಲ್ಲ.

ಒಂದು ದಿನ ದೊರೆಗೆ ನೀರು ಹಿತವಾಗಿ ಬಿತ್ತು. "ಆಹಾ! ಇಂಥಾ ಸೌದೆ ಕಡಿದವರು ಯಾರಯ್ಯಾ? ಅವರಿಗೊಂದು ಶಾಲು ಹೊದಿಸಬೇಕು" ಅಂದ.

ಬಾಗಿಲಲ್ಲಿ ನಿಂತಿದ್ದವನು ಕಾಡಿನ ಪಾರುಪತ್ಯಗಾರ ಜಂಬಯ್ಯ. ಇಡೀ ರಾಜ್ಯದ ಕಾಡು ನೋಡಿಕೊಳ್ಳೋ ಅಧಿಕಾರ ಅವನದು, ಆದರೆ ಕಾಡಿನೊಳಗೆ ಕಾಲಿಟ್ಟವನಲ್ಲ. ಅವನಿಗೆ ಗೊತ್ತಿದ್ದದ್ದು ಎರಡೇ ಜಾತಿಯ ಮರ: ನೆರಳಿರೋದು, ನೆರಳಿಲ್ಲದ್ದು.

ಶಾಲು ಅಂದದ್ದೇ ತಡ, ಜಂಬಯ್ಯ ಕೈ ಮುಗಿದ. "ನಾನೇ ಬುದ್ಧಿ. ನನ್ನ ಕೈಯಾರೆ, ನನ್ನ ಕೊಡಲಿಯಿಂದ."

ಶಾಲು ಹೆಗಲಿಗೆ ಬಂತು. ಜೊತೆಗೆ ಹೆದರಿಕೆಯೂ ಬಂತು. ಆ ಮುದುಕಿ ದಿನಾ ಹೊರೆ ಹೊತ್ತು ಬರ್ತಾಳಲ್ಲ, ಎಂದಾದರೂ ಬಾಯಿ ಬಿಟ್ಟರೆ? ಅವಳು ಸೌದೆ ತರೋದೇ ನಿಲ್ಲಬೇಕು ಅಂದುಕೊಂಡ. ಓಲೆ ಬರೆಸಿದ, ಬಚ್ಚಲ ಸಂದಿಯಿಂದ ಚಾಚಿದ. ಟಪ್! ಮುದ್ರೆ ಬಿತ್ತು.

ಮೊದಲನೇ ದಿನ ಬಂದು ಹಗ್ಗ ಕೇಳಿದ.

"ಏ ಚೌಡಿ, ದೊರೆ ಅಪ್ಪಣೆ ಆಗಿದೆ. ಸೌದೆ ಕಟ್ಟೋದು ಅಂದರೆ ಸೆರೆ ಹಿಡಿಯೋದು. ಸೆರೆ ಹಿಡಿಯೋ ಅಧಿಕಾರ ದೊರೆಗೆ ಮಾತ್ರ. ತಾ ಹಗ್ಗ."

ಚೌಡಕ್ಕ ಹಗ್ಗ ಕೊಟ್ಟಳು. ಮಾರನೇ ದಿನ ಕಾಡುಬಳ್ಳಿಯಲ್ಲಿ ಹೊರೆ ಬಿಗಿದು ಬಂದಳು.

"ಇದೇನೇ ಇದು?"

"ಬಳ್ಳಿ ಸ್ವಾಮಿ. ಅದೂ ಕಾಡಿನ ಕೂಸು, ಇದೂ ಕಾಡಿನ ಕೂಸು. ತಂಗಿ ಅಕ್ಕನ್ನ ತಬ್ಬಿಕೊಂಡವಳೆ, ಸೆರೆ ಎಲ್ಲಿ ಬಂತು?"

ಜಂಬಯ್ಯ ಹಲ್ಲು ಕಡಿದ. ಇನ್ನೊಂದು ಓಲೆ. ಟಪ್!

ಎರಡನೇ ಸಲ ಬಂದು ಸಿಂಬೆ ಕೇಳಿದ.

"ತಲೆ ಮೇಲೆ ಗುಂಡಗಿರೋದು ಇಟ್ಟುಕೊಳ್ಳೋ ಹಕ್ಕು ಈ ರಾಜ್ಯದಲ್ಲಿ ದೊರೆಗೊಬ್ಬರಿಗೇ. ಅದಕ್ಕೆ ಕಿರೀಟ ಅಂತಾರೆ."

"ಅಯ್ಯೋ ಸ್ವಾಮಿ, ಇದು ಹರಕು ಸೀರೆ!"

"ಹರಕು ಕಿರೀಟವೂ ಕಿರೀಟವೇ. ತಾ ಇಲ್ಲಿ."

ಚೌಡಕ್ಕ ಸಿಂಬೆ ಕೊಟ್ಟಳು. ಸೆರಗನ್ನು ನಾಲ್ಕು ಮಡಿಕೆ ಮಾಡಿ ತಲೆ ಮೇಲೆ ಇಟ್ಟುಕೊಂಡು ಅದರ ಮೇಲೆ ಹೊರೆ ಹೊತ್ತಳು. "ನೋಡಿ ಸ್ವಾಮಿ, ಇದು ಚೌಕ. ಚೌಕ ಕಿರೀಟ ಯಾವ ದೊರೆ ತಲೆ ಮೇಲಾದರೂ ಕಂಡಿದ್ದೀರಾ?"

ದಾರಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಜಂಬಯ್ಯನ ಮುಖ ಸುಟ್ಟ ಬದನೆಕಾಯಿ ಆಯ್ತು. ಇನ್ನೂ ಒಂದು ಓಲೆ. ಟಪ್!

ಮೂರನೇ ಸಲ ಬಂದು ಕೊಡಲಿಗೇ ಕೈ ಹಾಕಿದ.

"ಈ ಕಾವು ಯಾವ ಮರದ್ದು?"

"ದಿಂಡಿಗದ್ದು ಸ್ವಾಮಿ."

"ದಿಂಡಿಗ ಬೆಳೆದದ್ದು ಎಲ್ಲಿ? ಕಾಡಲ್ಲಿ. ಕಾಡು ಯಾರದು? ದೊರೆಯದು. ಅಲ್ಲಿಗೆ ಕಾವು ದೊರೆಯದಾಯ್ತು. ಕಾವಿನ ತುದೀಲಿ ನೇತಾಡೋ ಕಬ್ಬಿಣವೂ ದೊರೆಯದೇ."

"ಹಂಗಾದ್ರೆ ಕಾವು ಕಿತ್ಕೊಂಡು ಹೋಗಿ. ಕಬ್ಬಿಣ ನಮ್ಮವ್ವಂದು, ಬಿಡಿ."

"ಹೆಚ್ಚು ಮಾತಾಡಿದರೆ ಆ ಕಾವು ಹಿಡಿದ ಕೈನೂ ದೊರೆಯದು ಅಂತ ಬರೆಸ್ತೀನಿ!"

ಜಂಬಯ್ಯ ಕೊಡಲಿ ಕಿತ್ತುಕೊಂಡು ಹೊರಟ. ಹಗ್ಗಕ್ಕೆ ಬಳ್ಳಿ ಇತ್ತು, ಸಿಂಬೆಗೆ ಸೆರಗಿತ್ತು. ಕೊಡಲಿಗೆ ಬದಲು ಏನಿದೆ? ಹಲ್ಲಿನಿಂದ ಕೊರಡು ಸೀಳೋಕಾಗುತ್ತಾ?

ಆದರೂ ಮನಸ್ಸು ತಡೀಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸೋ ತಾಯಿ ಹೇಳ್ತಾಳಲ್ಲ, ಹಾಗೆ ಹಿಂದೆಯೇ ಓಡಿಹೋಗಿ ಹೇಳಿದಳು: "ಸ್ವಾಮಿ, ಬಿಸಿಲು ಕಾಲ. ದಿನಾ ಸಂಜೆ ಅದಕ್ಕೆ ನೀರು ಕುಡಿಸಬೇಕು, ಮರೀಬೇಡಿ."

ಜಂಬಯ್ಯ ಹೊಟ್ಟೆ ಹಿಡಕೊಂಡು ನಕ್ಕ. "ಕೊಡಲಿಗೆ ನೀರಂತೆ! ಊಟಕ್ಕೆ ಎಲೆ ಹಾಕಬೇಕೇನೋ? ತಾಂಬೂಲ ಬೇಡವೇನೋ?" ಅಂತ ನಗ್ತಾನೇ ಹೋದ.

ಅವನು ಆ ಕೊಡಲಿಗೆ ಅರಿಶಿನ ಕುಂಕುಮ ಹಚ್ಚಿ, ಹಜಾರದಲ್ಲಿ ಬಿಸಿಲು ಬೀಳೋ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಬಂದವರಿಗೆಲ್ಲ ತೋರಿಸೋದು, "ಇದೇ ನಾನು ಕಾಡು ಕಡಿದ ಕೊಡಲಿ" ಅನ್ನೋದು. ಅಷ್ಟಕ್ಕೇ ಸುಮ್ಮನಾದನಾ? ಕೊಡಲಿಯ ಹೆಸರಲ್ಲಿ ಅರಮನೆ ಉಗ್ರಾಣದಿಂದ ದಿನಾ ಒಂದು ಕುಡಿಕೆ ತುಪ್ಪ ತರಿಸಿಕೊಂಡ. ಬೆರಳ ತುದಿಯಷ್ಟು ಕಾವಿಗೆ ಸವರಿ, ಮಿಕ್ಕದ್ದನ್ನು ಒಬ್ಬಟ್ಟಿಗೆ ಸುರಿದುಕೊಂಡ.

ಸೌದೆ? ಅದಕ್ಕೆ ಆಳುಗಳನ್ನು ಕಳಿಸಿದ. "ಯಾವುದು ಹಸಿರಾಗಿ ಚೆಂದ ಕಾಣುತ್ತೋ ಅದನ್ನೇ ಕಡೀರಿ, ಅರಮನೆಗೆ ಒಣಕಲು ಕಳಿಸೋಕಾಗುತ್ತಾ?" ಅಂದ.

ಇತ್ತ ಚೌಡಕ್ಕ ಕಾಡಲ್ಲಿ ಉದುರಿದ ಪುರಳೆ ಆಯ್ದಳು. ಬೆರಳು ಗಾತ್ರದ ಕಡ್ಡಿಗಳು. ಅವು ತನ್ನ ಒಲೆಗೆ ಸಾಕು, ಬಾಣಂತಿ ನೀರಿಗೆ ಸಾಕು. ಅರಮನೆ ಹಂಡೆಗೆ ಸಾಲೋದಿಲ್ಲ. ಹೊರೆ ಇಲ್ಲ ಅಂದಮೇಲೆ ಸೇರು ರಾಗಿಯೂ ಇಲ್ಲ. ಮಡಕೆ ತಳ ಕೆರೆದು ಮಗಳಿಗೆ ಅಂಬಲಿ ಕಾಸಿದಳು. ಮೊದಲ ದಿನ ಅಂಬಲಿ ಗಟ್ಟಿ ಇತ್ತು. ಎರಡನೇ ದಿನ ತೆಳ್ಳಗಾಯ್ತು. ಮೂರನೇ ದಿನ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

"ಅವ್ವಾ, ಕೂಸು ಎಷ್ಟು ಎಳೆದರೂ ಹಾಲು ಬರ್ತಿಲ್ಲ" ಅಂದಳು ಮಲ್ಲಾಜಿ.

ಜಂಬಯ್ಯನ ಶಾಲಿನ ಸುದ್ದಿ ಅಷ್ಟೊತ್ತಿಗೆ ಚೌಡಕ್ಕನ ಕಿವಿಗೂ ಬಿದ್ದಿತ್ತು. ಎದ್ದು ನೆಟ್ಟಗೆ ಅವನ ಮನೆಗೆ ಹೋದಳು. "ಸ್ವಾಮಿ, ಬಾಣಂತಿ ಉಪವಾಸ ಅವಳೆ. ಕೊಡಲಿ ಕೊಡಿ. ಶಾಲು ನಿಮಗೇ ಇರಲಿ, ಹೊಗಳಿಕೆನೂ ನಿಮಗೇ ಇರಲಿ."

"ಯಾವ ಕೊಡಲಿ? ಇದು ನಮ್ಮ ತಾತನ ಕಾಲದ್ದು!"

ಚೌಡಕ್ಕ ಗೋಡೆ ಕಡೆ ನೋಡಿದಳು. ಕಾವಿಗೂ ಕಬ್ಬಿಣಕ್ಕೂ ನಡುವೆ ಗೋಧಿಕಾಳು ತೂರೋವಷ್ಟು ಸಂದು. ಮೇಲೆ ತುಪ್ಪ ಮಿರಮಿರ. "ಸ್ವಾಮಿ, ಅದಕ್ಕೆ ಬಾಯಾರಿದೆ. ನೀರು ಕುಡಿಸಿ" ಅಂದಳು.

"ನೀರು ಕುಡಿಸಿ ತುಕ್ಕು ಹಿಡಿಸೋ ಉಪಾಯವೇನೇ? ನನಗೇ ನೀರು ಕುಡಿಸೋಕೆ ಬಂದೆಯಾ? ನಡಿ ಆಚೆ!"

ಗುಡಿಸಲ ಕಡೆ ನಡೀತಾ ಚೌಡಕ್ಕ ಯೋಚನೆ ಮಾಡಿದಳು. ಇವನಿಗೆ ಸುಳ್ಳು ಹೇಳಿ ಮೋಸ ಮಾಡಬೇಕಾದ್ದೇ ಇಲ್ಲ. ಬಡವರ ಬಾಯಿಂದ ಬಂದ ನಿಜವನ್ನು ನಂಬೋ ಅಭ್ಯಾಸ ಇವನಿಗಿಲ್ಲ. ನಿಜವನ್ನೇ ಹೇಳ್ತಾ ಇದ್ದರೆ ಸಾಕು, ತಾನಾಗೇ ಹೋಗಿ ಹಳ್ಳಕ್ಕೆ ಬೀಳ್ತಾನೆ.

ಅರಮನೆಯಲ್ಲಿ ಏನಾಯ್ತು? ಹಸಿ ಸೌದೆ ಒಲೆಗೆ ಬಿತ್ತು. ತುದಿಯಲ್ಲಿ ನೊರೆ ಕಾರಿ ಸುಂಯ್ ಅಂತು. ಮೊದಲ ದಿನ ಬಚ್ಚಲ ತುಂಬ ಹೊಗೆ. "ಹೋಮದ ಹೊಗೆ ಬುದ್ಧಿ, ಪುಣ್ಯ ಬರುತ್ತೆ" ಅಂದ ಜಂಬಯ್ಯ. ಎರಡನೇ ದಿನ ನೀರು ಉಗುರುಬೆಚ್ಚಗೂ ಆಗಲಿಲ್ಲ. "ಬೇಸಿಗೆಗೆ ತಂಪು ಒಳ್ಳೇದು ಬುದ್ಧಿ, ವೈದ್ಯರು ಹೇಳ್ತಾರೆ" ಅಂದ. ಮೂರನೇ ದಿನ ಒಲೆಯೇ ಹತ್ತಲಿಲ್ಲ. ತಲೆಗೆ ಸೀಗೆಪುಡಿ ಬಳಕೊಂಡು ಕೂತಿದ್ದ ದೊರೆ ಮೈಮೇಲೆ ತಣ್ಣೀರು ಬಿತ್ತು ನೋಡಿ! ಆನೆಲಾಯದ ಆನೆಗಳೂ ಹೆದರೋ ಹಾಗೆ ಕಿರುಚಿಕೊಂಡ.

ಅದೇ ಹೊತ್ತಿಗೆ ಚೌಡಕ್ಕ ಅರಮನೆ ಬಾಗಿಲಿಗೆ ಬಂದಳು. ಸೆರಗಿನ ಚೌಕ ಮಡಿಕೆ ಮೇಲೆ ಒಂದು ಕೊಡ. ಕೊಡದ ಬಾಯಿಂದ ಹಬೆ.

"ಏನಜ್ಜಿ ಅದು?" ಅಂದ ಬಾಗಿಲ ಕಾವಲಿನವನು.

"ಬಿಸಿನೀರಪ್ಪಾ."

ಕಾವಲಿನವನು ಇನ್ನೊಂದು ಮಾತು ಕೇಳಲಿಲ್ಲ. ಶತ್ರು ದೇಶದ ರಾಯಭಾರಿ ಬಂದರೂ ಅಷ್ಟು ಬೇಗ ಒಳಗೆ ಬಿಡ್ತಿರಲಿಲ್ಲ.

ಕೊಡದ ನೀರು ದೊರೆ ತಲೆ ಮೇಲೆ ಬಿತ್ತು. ಸೀಗೆಪುಡಿ ಇಳೀತು. ಎಷ್ಟೋ ದಿನದ ಮೇಲೆ ದೊರೆ ಕಣ್ಣು ಬಿಟ್ಟ. "ಅಮ್ಮಾ ತಾಯಿ, ಯಾವ ಸೌದೇಲಿ ಕಾಸಿದೆ ಇದನ್ನ?"

"ಪುರಳೇಲಿ ಬುದ್ಧಿ. ಮೊದಲೆಲ್ಲ ನಿಮ್ಮ ಹಂಡೆಗೆ ನಾನೇ ಸೀಳಿದ ಸೌದೆ ತರ್ತಿದ್ದೆ. ಈಗ ನನ್ನ ಕೊಡಲಿ ಬಾಗಿಲಲ್ಲಿ ನಿಂತಿರೋ ಈ ಸ್ವಾಮಿಗಳ ಗೋಡೆ ಮೇಲಿದೆ."

ಜಂಬಯ್ಯ ನೆಗೆದು ಬಂದ. "ಸುಳ್ಳು ಬುದ್ಧಿ! ಕೊಡಲಿ ನಂದು. ಸೌದೆ ಕಡಿದದ್ದೂ ನಾನೇ. ಈ ಮುದುಕಿಗೆ ಅರಳುಮರಳು."

ದೊರೆ ಇವನ ಮುಖ ನೋಡಿದ, ಅವಳ ಮುಖ ನೋಡಿದ, ಖಾಲಿ ಕೊಡ ನೋಡಿದ. ಯಾರದು ನಿಜ ಅಂತ ತೋಚಲಿಲ್ಲ.

"ಜಗಳ ಬೇಡ ಬುದ್ಧಿ" ಅಂದಳು ಚೌಡಕ್ಕ. "ಕೊಡಲಿಗೆ ದಿನಾ ಏನು ಕುಡಿಸ್ತಾರೆ, ಅಷ್ಟು ಮಾತ್ರ ಕೇಳಿ."

"ಏನಯ್ಯಾ ಜಂಬಯ್ಯ, ಏನು ಕುಡಿಸ್ತೀಯ?"

ಜಂಬಯ್ಯನಿಗೆ ಉಗ್ರಾಣದ ಕುಡಿಕೆ ನೆನಪಾಯ್ತು. ಈಗ ಬೇರೆ ಏನಾದರೂ ಹೇಳಿದರೆ ತುಪ್ಪ ಎಲ್ಲಿ ಹೋಯ್ತು ಅಂತಾರೆ. ಎದೆ ಉಬ್ಬಿಸಿ ಹೇಳಿದ: "ತುಪ್ಪ ಬುದ್ಧಿ! ಅರಮನೆ ಸೌದೆ ಕಡಿಯೋ ಕೊಡಲಿಗೆ ತುಪ್ಪಕ್ಕಿಂತ ಕಡಿಮೆ ಏನು ಕೊಡೋದು?"

"ನಾನು ನೀರು ಕುಡಿಸ್ತಿದ್ದೆ ಬುದ್ಧಿ. ಯಾರದು ನಿಜ ಅಂತ ಕೊಡಲಿಯೇ ಹೇಳಲಿ."

"ಕೊಡಲಿ ಮಾತಾಡುತ್ತಾ?"

"ಕೊರಡಿನ ಮುಂದೆ ನಿಲ್ಲಿಸಿ ಬುದ್ಧಿ, ಆಡುತ್ತೆ."

ಅರಮನೆ ಹಿತ್ತಲಲ್ಲಿ ಒಂದು ಒಣ ಹುಣಸೆ ಕೊರಡು ತಂದಿಟ್ಟರು. ಜಂಬಯ್ಯನ ಮನೆಯಿಂದ ಕೊಡಲಿ ಬಂತು, ಅರಿಶಿನ ಕುಂಕುಮದ ಸಮೇತ. ಒಲೆ ಊದೋರು, ಪಾತ್ರೆ ತಿಕ್ಕೋರು ಎಲ್ಲ ಬಂದು ಸುತ್ತ ನೆರೆದರು. ಜಂಬಯ್ಯ ಶಾಲು ಸೊಂಟಕ್ಕೆ ಬಿಗಿದ, ಪೇಟ ಸರಿಮಾಡಿಕೊಂಡ. ಹುಟ್ಟಿದಾಗಿನಿಂದ ಕಬ್ಬು ಸೀಳಿದವನೂ ಅಲ್ಲ, ಆದರೂ ಕೊಡಲಿ ಎತ್ತೋದೇನು ಮಹಾ, ಎತ್ತಿ ಇಳಿಸಿದರಾಯ್ತು ಅಂದುಕೊಂಡ.

ಚೌಡಕ್ಕ ಮೊದಲು ಜನರ ಕಡೆ ತಿರುಗಿದಳು. "ಅವರ ಹಿಂದೆ ಯಾರೂ ನಿಲ್ಲಬೇಡಿ. ಮುಂದೆನೂ ಬೇಡ. ಬುದ್ಧಿ, ನೀವು ಈ ಪಕ್ಕಕ್ಕೆ ಬನ್ನಿ." ಆಮೇಲೆ ಜಂಬಯ್ಯನಿಗೆ ಹೇಳಿದಳು: "ಸ್ವಾಮಿ, ಮೂರನೇ ಸಲ ಹೇಳ್ತಿದ್ದೀನಿ. ಅದಕ್ಕೆ ಬಾಯಾರಿದೆ. ಹಿಂದೇನೇ ಕಲ್ಲುಬಾನಿ ತುಂಬ ನೀರಿದೆ. ಒಂದು ಗಳಿಗೆ ಕುಡಿಸಿ ಎತ್ತಿ."

"ತಾ ತುಪ್ಪ!" ಅಂದ ಜಂಬಯ್ಯ. ಎಲ್ಲರ ಎದುರಿಗೇ ಕಾವಿಗೆ ಇನ್ನೊಂದು ಹಿಡಿ ತುಪ್ಪ ಸವರಿದ. ಉಸಿರು ಬಿಗಿಹಿಡಿದ. ಕೊಡಲಿಯನ್ನು ತಲೆ ಮೇಲಿಂದ ಹಿಂದಕ್ಕೆ ಬೀಸಿ ಎತ್ತಿದ.

ಕೈಯಲ್ಲಿ ಕಾವು ಉಳೀತು. ಕಬ್ಬಿಣ ಕಳಚಿಕೊಂಡು, ಪೇಟವನ್ನೂ ಎಗರಿಸಿಕೊಂಡು, ಹಿಂದಕ್ಕೆ ಹಾರಿ ಕಲ್ಲುಬಾನಿಗೆ ಬಿತ್ತು. ಡುಬುಕ್!

ಇದು ಯಾವುದೂ ತಿಳಿಯದ ಜಂಬಯ್ಯ ಬರೀ ಕಾವನ್ನೇ ಜೋರಾಗಿ ಕೊರಡಿಗೆ ಬಡಿದ. ತುಪ್ಪದ ಕೈ ಜಾರಿ, ಕೊರಡಿನ ಮೇಲೆ ಮೂಟೆಯ ಹಾಗೆ ಕವುಚಿ ಬಿದ್ದ. ಬಾನಿಯಲ್ಲಿ ಪೇಟ ಸತ್ತ ಕೋಳಿಯ ಹಾಗೆ ತೇಲ್ತಿತ್ತು.

ಎಲ್ಲರೂ ಬಾನಿಯ ಕಡೆ ಬಗ್ಗಿ ನೋಡಿದರು. ಆಮೇಲೆ ಪಾತ್ರೆ ತಿಕ್ಕೋಳೊಬ್ಬಳು ಅಂದಳು: "ಪಾಪ, ಕೊಡಲಿಗೆ ಎಷ್ಟು ಬಾಯಾರಿತ್ತೋ! ತಾನೇ ಓಡಿಹೋಗಿ ಕುಡೀತು."

ಹಿತ್ತಲೆಲ್ಲ ಗೊಳ್ಳಂತು. ಹಂಡೆದೊರೆಯೂ ಮೈ ಕುಲುಕಿ ನಕ್ಕ.

ಚೌಡಕ್ಕ ನಗಲಿಲ್ಲ. ಬಾನಿಗೆ ಕೈ ಹಾಕಿ ಕಬ್ಬಿಣ ಎತ್ತಿದಳು. ಕಾವಿನ ತುಪ್ಪವನ್ನು ಬೂದಿ ಹಾಕಿ ಉಜ್ಜಿದಳು. ಕಾವನ್ನು ಕಬ್ಬಿಣಕ್ಕೆ ತೂರಿಸಿ, ನೆಲಕ್ಕೆ ಕುಟ್ಟಿ, ಸಂದಿಗೆ ಒಂದು ಚಕ್ಕೆ ಬೆಣೆ ಬಡಿದು, ತಲೆಕೆಳಗು ಮಾಡಿ ಬಾನಿಯಲ್ಲಿ ನಿಲ್ಲಿಸಿದಳು. "ಕೂತ್ಕೊಳ್ಳಿ ಬುದ್ಧಿ. ಇದು ನಿಧಾನಕ್ಕೆ ಕುಡಿಯುತ್ತೆ." ಒಂದು ಕೊಡಲಿ ನೀರು ಕುಡಿದು ಮುಗಿಸಲಿ ಅಂತ ಒಬ್ಬ ದೊರೆ ಕಾದು ಕೂತದ್ದು ಅದೇ ಮೊದಲು.

ಬಿಸಿಲು ಇಳಿಯೋ ಹೊತ್ತಿಗೆ ಎತ್ತಿದಳು. ತಗ್ಗು ಬಿದ್ದ ಜಾಗದಲ್ಲಿ ಅಂಗೈ ಹೋಗಿ ತಾನಾಗೇ ಕೂತಿತು. ಒಂದು ಏಟು, ಕೊರಡು ಬಿರುಕು ಬಿಡ್ತು. ಎರಡನೇ ಏಟು, ಬಿರುಕು ಬಾಯಿ ತೆರೀತು. ಮೂರನೇ ಏಟು, ಹುಣಸೆ ಕೊರಡು ಎರಡು ಹೋಳು.

"ಕೊಡಲಿ ಮಾತಾಡಿತು" ಅಂದ ದೊರೆ. ಶಾಲು ಜಂಬಯ್ಯನ ಸೊಂಟದಿಂದ ಬಿಚ್ಚಿಸಿ ಚೌಡಕ್ಕನ ಕೈಗೆ ಕೊಡಿಸಿದ. ಅವಳು ಅದನ್ನು ಹೊದೆಯಲಿಲ್ಲ, ಕೂಸಿಗೆ ಹಾಸಿಗೆ ಆಯ್ತು ಅಂತ ಮಡಿಚಿ ಕಂಕುಳಲ್ಲಿಟ್ಟುಕೊಂಡಳು. ನಿಂತುಹೋಗಿದ್ದ ದಿನಗಳ ರಾಗಿಯೆಲ್ಲ ಅಳೆದು ಕೊಟ್ಟರು.

"ಈ ಜಂಬಯ್ಯನಿಗೆ ಏನು ಶಿಕ್ಷೆ ಹೇಳಮ್ಮ?"

"ಶಿಕ್ಷೆ ಯಾಕೆ ಬುದ್ಧಿ? ಅರಮನೆ ಸೌದೆಯೆಲ್ಲ ನನ್ನ ದುಡಿಮೆ ಅಂತ ಇಷ್ಟು ದಿನ ಹೇಳಿಕೊಂಡರಲ್ಲ. ಪಾಪ, ಆ ಮಾತು ಸುಳ್ಳಾಗೋದು ಬೇಡ. ಇನ್ನು ಮೇಲೆ ನಾನು ಸೀಳ್ತೀನಿ, ಅವರು ಹೊರಲಿ."

ಕಸಿದುಕೊಂಡಿದ್ದ ಹಗ್ಗ ಬಂತು, ಸಿಂಬೆ ಬಂತು. ಚೌಡಕ್ಕ ಹಗ್ಗದಲ್ಲಿ ಹೊರೆ ಬಿಗಿದಳು. ಪೇಟ ಹೋದ ಬೋಳುತಲೆ ಮೇಲೆ ಸಿಂಬೆಯನ್ನು ಮೆಲ್ಲಗೆ ಕೂರಿಸಿದಳು.

"ತಗೊಳ್ಳಿ ಸ್ವಾಮಿ, ಕಿರೀಟ. ಹರಕಾದರೂ ಕಿರೀಟವೇ."

ಅವತ್ತಿನಿಂದ ಜಂಬಯ್ಯ ದಿನಾ ಬೆಳಗ್ಗೆ ಕಿರೀಟ ಇಟ್ಟುಕೊಂಡು ಅರಮನೆಗೆ ಹೊರೆ ಹಾಕಿದ. ಹೊತ್ತೂ ಹೊತ್ತೂ ಒಣಸೌದೆ ಹಗುರ, ಹಸಿಸೌದೆ ಭಾರ ಅನ್ನೋದಾದರೂ ಅವನ ಕುತ್ತಿಗೆಗೆ ಗೊತ್ತಾಯ್ತು. ಮಲ್ಲಾಜಿ ಹೊಟ್ಟೆ ತುಂಬ ಉಂಡಳು, ಕೂಸು ದುಂಡಗಾಯ್ತು. ಹಂಡೆದೊರೆ ಬುದ್ಧಿವಂತನಾದನಾ ಅಂತೀರಾ? ಎಲ್ಲಿಂದ! ಈಗಲೂ ಬಚ್ಚಲಲ್ಲೇ ರಾಜ್ಯಭಾರ. ಆದರೆ ಮುದ್ರೆ ಒತ್ತೋ ಮುಂಚೆ ಒಂದು ಚೊಂಬು ನೀರು ಸುರಿದು ಕಣ್ಣು ತೊಳಕೊಳ್ತಾನೆ. ದೊರೆಗಳಿಗೆ ಅಷ್ಟೇ ದೊಡ್ಡದು.

ನೀತಿ ಏನು ಅಂದರೆ ಮಕ್ಕಳಾ, ಇನ್ನೊಬ್ಬರ ಕೊಡಲಿ ಕಸಿದುಕೊಳ್ಳಬಹುದು, ಕಸುಬು ಕಸಿಯೋಕಾಗಲ್ಲ. ದುಡಿಯೋರು ಹೇಳಿದ ಮಾತನ್ನು ನಗೆಯಾಡಬೇಡಿ. ಕೊಡಲಿಗೆ ನೀರು ಕುಡಿಸದವನಿಗೆ ಒಂದು ದಿನ ಕೊಡಲಿಯೇ ನೀರು ಕುಡಿಸುತ್ತೆ.

ಒಲೆ ಆರ್ತಾ ಬಂತು. ಕೆಂಡಕ್ಕೆ ಬೂದಿ ಮುಚ್ಚಿ ಏಳಿ. ಬಾಗಿಲ ಹಿಂದಿರೋ ಕೊಡಲಿಯನ್ನ ಬಾನಿಗೆ ಇಟ್ಟು ಬನ್ನಿ, ಹೋಗಿ.